ನಾವು ‘ಕಪಾಟು’ ಅಂತ ಕರೆಯೋ ಆ ಸಾಫ್ಟ್‌ವೇರ್: ಸೇತುವೆ ಸೈಟಲ್ಲಿ ಹದಿನಾಲ್ಕು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡ್ತೀನಿ, ಸಾಫ್ಟ್‌ವೇರ್ ಹೆಸರು ಹಾಕ್ತಾ ಇಲ್ಲ. ಕಂಪನಿ ಅಗ್ರಿಮೆಂಟು ಅದು ಇದು ಅಂತ ಇರ್ತದೆ, ನಂಗೆ ನಾಳೆ ಕೆಲಸಕ್ಕೂ ಹೋಗ್ಬೇಕಲ್ಲ. ಆದ್ರೆ ಈ ಜಾತಿಯ ಸಾಫ್ಟ್‌ವೇರ್ ಎಲ್ಲಾ ಹೆಚ್ಚುಕಮ್ಮಿ ಒಂದೇ ಅಚ್ಚಿನವು, ಡ್ರಾಯಿಂಗ್ ಇಡೋದು, ತ್ರೀಡಿ ಮಾಡೆಲ್ ನೋಡೋದು, ಪ್ರಶ್ನೆ ಕೇಳೋದು, ಫೋಟೋ ಹಾಕೋದು, ಯಾರು ಯಾವಾಗ ಏನು ನೋಡಿದ್ರು ಅಂತ ಬರೆದಿಡೋದು, ಹಂಗಾಗಿ ಹೆಸರಿಲ್ಲದಿದ್ರೂ ತಗೊಳ್ಳೋ ಯೋಚನೆ ಇರೋರಿಗೆ ಉಪಯೋಗ ಆಗ್ಬಹುದು. ನಮ್ಮ ಸೈಟಲ್ಲಿ ಅದಕ್ಕೆ ‘ಕಪಾಟು’ ಅಂತ ಹೆಸರು. ಟ್ರೇನಿಂಗ್ ಕೊಡೋಕೆ ಬಂದ ಹುಡುಗ ಪ್ರೊಜೆಕ್ಟರ್ ಹಾಕಿ ಅರ್ಧ ಗಂಟೆ ‘ಕಾಮನ್ ಡೇಟಾ ಎನ್ವಿರಾನ್‌ಮೆಂಟ್’ ಅಂತ ಹೇಳಿದ್ದೇ ಹೇಳಿದ, ಕೊನೆಗೆ ಬಾಗಲಕೋಟೆ ಕಡೆಯ ನಮ್ಮ ಫಿಟ್ಟರ್ ಫೋರ್‌ಮನ್ ಎದ್ದು ನಿಂತು "ಅಂದ್ರ ಎಲ್ಲಾ ಡ್ರಾಯಿಂಗ್ ಇಡೂ ಕಪಾಟ ಅಂತ ತಿಳ್ಕೊಳ್ಳೂಣೇನ್ರಿ?" ಅಂದ. ಹುಡುಗ ಸ್ವಲ್ಪ ಹೊತ್ತು ಯೋಚನೆ ಮಾಡಿ "ಹೌದು, ಹಂಗೇ" ಅಂದ. ಅವತ್ತಿಂದ ಅದು ಕಪಾಟು.

ಕೆಲಸ ಎಂಥದ್ದು ಅಂದ್ರೆ, ಕಾರವಾರ-ಅಂಕೋಲೆ ನಡುವೆ ಒಂದು ಹೊಳೆಬಾಯಿ ಹತ್ರ ಸೇತುವೆ, ಅದಕ್ಕೆ ತಾಗಿಯೇ ಮೀನುಬೋಟು ನಿಲ್ಲೋ ಜೆಟ್ಟಿ, ಎರಡನ್ನೂ ಕೂಡಿಸೋ ಸಣ್ಣ ರಸ್ತೆ. ದೊಡ್ಡ ಪ್ರಾಜೆಕ್ಟ್ ಏನಲ್ಲ, ಆದ್ರೆ ತಲೆಗಳು ಜಾಸ್ತಿ. ಮೇನ್ ಕಾಂಟ್ರಾಕ್ಟರ್ ಬೇರೆ, ನಾವು ಸಬ್, ಪೈಲ್ (ನೆಲದೊಳಗೆ ಇಳಿಸೋ ಕಂಬ) ಹೊಡೆಯೋರು ಇನ್ನೊಬ್ಬರು, ಸೇತುವೆ ಡಿಸೈನ್ ಮುಂಬೈಲಿ, ಜೆಟ್ಟಿ ಡಿಸೈನ್ ಚೆನ್ನೈಲಿ, ಪ್ರೂಫ್ ಚೆಕ್, ಅಂದ್ರೆ ಡಿಸೈನ್ ಸರಿ ಇದೆಯಾ ಅಂತ ಮತ್ತೊಮ್ಮೆ ನೋಡೋದು, ಒಂದು ಕಾಲೇಜಿನ ಪ್ರೊಫೆಸರುಗಳು, ಮೇಲಿಂದ ಇಲಾಖೆ ಕಡೆಯ ಇಂಜಿನಿಯರು. ಏಳು ಕಡೆ ಏಳು ಜನ, ಒಂದು ಪಿಯರ್, ಅಂದ್ರೆ ಸೇತುವೆ ಹೊರೋ ಕಂಬ, ಎದ್ದು ನಿಲ್ಬೇಕಾದ್ರೆ ಅಷ್ಟೂ ಜನ ಒಂದೇ ಹಾಳೆ ನೋಡ್ತಾ ಇರ್ಬೇಕು. ನಾನು ಸಬ್ ಕಾಂಟ್ರಾಕ್ಟರ್ ಕಡೆಯ ಸೈಟ್ ಇಂಜಿನಿಯರ್, ಊರು ಶಿರಸಿ ಹತ್ರ, ರೂಮು ಕಾರವಾರದಲ್ಲಿ.

ಕಪಾಟು ಬರೋ ಮುಂಚೆ ನಮ್ದು ವಾಟ್ಸಾಪ್ ಗ್ರೂಪು. ಆ ಕಥೆ ಎಲ್ಲರಿಗೂ ಗೊತ್ತಿರೋದೇ, ಉದ್ದ ಎಳೆಯೋದಿಲ್ಲ, ರಿಂಗಿನ (ಒಳಗಿನ ಸರಳುಗಳನ್ನ ಸುತ್ತಿ ಹಿಡಿಯೋ ಬಗ್ಗಿಸಿದ ಸರಳು) ಕಥೆ ಒಂದು ಹೇಳ್ತೀನಿ ಸಾಕು. ನಾಲ್ಕನೇ ಪಿಯರಿನ ಪೈಲ್ ಕ್ಯಾಪಿಗೆ (ಪೈಲುಗಳ ತಲೆ ಕೂಡಿಸೋ ಕಾಂಕ್ರೀಟ್ ದಿಮ್ಮಿ) ಮೊದಲ ಡ್ರಾಯಿಂಗಲ್ಲಿ ಕವರ್ 50 ಎಂಎಂ ಇತ್ತು. ಕವರ್ ಅಂದ್ರೆ ಕಾಂಕ್ರೀಟಿನ ಹೊರಮೈಯಿಂದ ಒಳಗಿನ ಸರಳಿನ ತನಕ ಇರೋ ದಪ್ಪ, ಉಪ್ಪುನೀರಿನ ಜಾಗದಲ್ಲಿ ಸೇತುವೆ ಎಷ್ಟು ವರ್ಷ ಬಾಳ್ತದೆ ಅನ್ನೋದಕ್ಕೆ ಅದು ಬಹಳ ಮುಖ್ಯ, ಅದು ಕಮ್ಮಿ ಆದ್ರೆ ಉಪ್ಪು ಒಳಗೆ ಇಳಿದು ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಸಿಪ್ಪೆ ಎಬ್ಬಿಸ್ತದೆ. ಕಾಂಕ್ರೀಟ್ ಸೇತುವೆಗಳ ನಿಯಮಪುಸ್ತಕ ಐಆರ್‌ಸಿ 112ರಲ್ಲಿ ಇದಕ್ಕೆ 40, 45, 50, 75 ಅಂತ ನಾಲ್ಕು ಮೆಟ್ಟಿಲು, ಸಮುದ್ರದ ವಾತಾವರಣ ಇರೋ ಕಡೆ 50, ಭರತ-ಇಳಿತಕ್ಕೆ ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗೋ ಜಾಗಕ್ಕೆ 75. ಪ್ರೂಫ್ ಚೆಕ್‌ನವರು "ಇದು ನೀರು ಎರಚೋ ಜಾಗ, 75 ಮಾಡಿ" ಅಂದ್ರು, ಡಿಸೈನರ್ ಮಾಡಿ ಆರ್2, ಅಂದ್ರೆ ತಿದ್ದಿದ ಡ್ರಾಯಿಂಗ್ (ರಿವಿಷನ್ 2), ಕಳಿಸಿದ್ರು. ಒಂದೊಂದು ಬದಿಗೆ ಕವರ್ 25 ಎಂಎಂ ಜಾಸ್ತಿ ಆದ್ರೆ ರಿಂಗಿನ ಅಗಲ 50 ಎಂಎಂ ಕಮ್ಮಿ ಆಗ್ಬೇಕು, ಅಲ್ವಾ. ಆದ್ರೆ ಆರ್2 ಗ್ರೂಪಿಗೆ ಬಿದ್ದ ದಿನ ಯಾರದೋ ಮಗನ ಹುಟ್ಟಿದಹಬ್ಬ, ಕೇಕಿನ ಫೋಟೋ, ಅದಕ್ಕೆ ಐವತ್ತು ಜನರ ಹೂಗುಚ್ಛ, ಪಿಡಿಎಫ್ ಎಲ್ಲೋ ಮೇಲೆ ಹೋಗಿ ಸೇರ್ಕೊಳ್ತು, ನಾನೂ ಫೋರ್‌ಮನ್ನಿಗೆ ಬಾಯಲ್ಲಿ ಹೇಳೋದು ಮರೆತೆ. ಮುನ್ನೂರು ರಿಂಗು, 12 ಎಂಎಂ ಸರಳಿಂದು, ಕತ್ತರಿಸಿ ಬಗ್ಗಿಸಿ ಹತ್ತತ್ತರ ಕಟ್ಟು ಮಾಡಿ ಜೋಡಿಸಿ ಇಟ್ಟಿದ್ದ ಪುಣ್ಯಾತ್ಮ, ಒಂದಕ್ಕಿಂತ ಒಂದು ಚಂದ. ಒಂದೂ ಉಪಯೋಗಕ್ಕಿಲ್ಲ. ತಪ್ಪು ಯಾರದ್ದೂ ಅಂತ ಹೇಳೋ ಹಾಗಿಲ್ಲ, ಹೇಳೋದೇ ಆದ್ರೆ ನಂದೇ.

ಅದಾಗಿ ಎರಡು ತಿಂಗಳಿಗೆ ಮೇನ್ ಕಾಂಟ್ರಾಕ್ಟರ್ ಈ ಸಾಫ್ಟ್‌ವೇರ್ ತಂದ್ರು.

ಅದರ ಒಳ್ಳೆಯ ಗುಣ ಒಂದೇ ಒಂದು ಹೇಳಿ ಅಂದ್ರೆ ಇದು: ಹಳೇ ಡ್ರಾಯಿಂಗ್ ಕಣ್ಣಿಗೆ ಬೀಳೋದಿಲ್ಲ. ಹೊಸ ರಿವಿಷನ್ ಬಂದ ಕೂಡ್ಲೆ ಹಳೇದು ಹಿಂದೆ ಸರಿದುಬಿಡ್ತದೆ, ಬೇಕಂತ ಹುಡುಕಿ ತೆಗೆದ್ರೆ ಮೇಲೆ ಅಡ್ಡಡ್ಡ ಕೆಂಪಗೆ ‘ಹಳೆಯದು’ ಅನ್ನೋ ಅರ್ಥದ ಸೀಲು ಕಾಣ್ತದೆ. ಎರಡು ರಿವಿಷನ್ ಒಂದರ ಮೇಲೊಂದು ಇಟ್ಟು ನೋಡೋ ಸೌಕರ್ಯವೂ ಇದೆ, ಬದಲಾದ ಗೆರೆ ಬೇರೆ ಬಣ್ಣದಲ್ಲಿ ಎದ್ದು ಕಾಣ್ತದೆ. ಅವತ್ತು ಇದು ಇದ್ದಿದ್ರೆ ಆ 50 ಹೋಗಿ 75 ಆಗಿದ್ದು ಕುರುಡನಿಗೂ ಕಾಣ್ತಿತ್ತು.

ಇದರ ಹಿಂದೆ ಒಂದು ಲೆಕ್ಕಾಚಾರ ಇದೆ, ಐಎಸ್‌ಒ 19650 ಅಂತ ಸ್ಟ್ಯಾಂಡರ್ಡು, ಅದರ ಮೊದಲ ಎರಡು ಭಾಗ 2018ರಲ್ಲಿ ಬಂದವು. ಅದರ ಪ್ರಕಾರ ಪ್ರತಿ ಕಡತಕ್ಕೂ ನಾಲ್ಕು ಅವಸ್ಥೆ: ಇನ್ನೂ ಮಾಡ್ತಾ ಇರೋದು, ಬೇರೆಯವರ ಜೊತೆ ಹಂಚ್ಕೊಂಡಿದ್ದು, ಒಪ್ಪಿಗೆ ಆಗಿ ಹೊರಬಂದಿದ್ದು, ಕೊನೆಗೆ ದಾಖಲೆಗೆ ಸೇರಿದ್ದು. ಮಾಡ್ತಾ ಇರೋದನ್ನ ಡಿಸೈನರ್ ಆಫೀಸು ಬಿಟ್ಟು ಬೇರೆ ಯಾರೂ ನೋಡೋ ಹಾಗಿಲ್ಲ, ಹಂಚಿದ್ದನ್ನ ನೋಡಿ ತಕರಾರು ಹೇಳ್ಬಹುದು ಆದ್ರೆ ಅದನ್ನ ಹಿಡ್ಕೊಂಡು ಕಟ್ಟೋ ಹಾಗಿಲ್ಲ, ಹೊರಬಂದಿದ್ದನ್ನ ಮಾತ್ರ ಸೈಟಿಗೆ ಒಯ್ಬೇಕು. ಮನೇಲಿ ಅಪ್ಪಂಗೆ ಇದನ್ನ ಹೇಳಿದಾಗ ಅವರಿಗೆ ತಕ್ಷಣ ಅರ್ಥ ಆಯ್ತು. ಅಂಗಳದಲ್ಲಿ ಅಡಿಕೆ ಒಣಗ್ತಾ ಇರೋವಾಗ ಅದು ಮನೆಯವರ ಲೆಕ್ಕ, ಆರಿಸಿ ಬೇರೆ ಮಾಡಿ ಚೀಲ ತುಂಬಿ ಸೊಸೈಟಿಗೆ ಹಾಕಿ ರಾಶಿಗೆ ಲಾಟ್ ನಂಬರ್ ಬಿತ್ತು ಅಂದ್ರೆ ಆಮೇಲೆ ಯಾರೂ ಕೈ ಹಾಕಿ ಕಲಸೋ ಹಾಗಿಲ್ಲ, ವ್ಯಾಪಾರಿ ರೇಟು ಬರೆಯೋದು ಆ ನಂಬರಿಗೆ. "ಅಷ್ಟೇ ಅಲ್ದಾ? ಇದಕ್ಕೆ ಕಂಪ್ಯೂಟರ್ ಎಂತಕ್ಕೆ?" ಅಂದ್ರು. ನಂಗೆ ಉತ್ತರ ಹೊಳೀಲಿಲ್ಲ, ಊಟಕ್ಕೆ ಕೂತೆ.

ಈಗ ತಮಾಷೆ ಕೇಳಿ. ನಮ್ಮ ದೇಶದ ಹೈವೇ ಸೈಟಲ್ಲಿ ಆರ್‌ಎಫ್‌ಐ ಅಂದ್ರೆ ರಿಕ್ವೆಸ್ಟ್ ಫಾರ್ ಇನ್‌ಸ್ಪೆಕ್ಷನ್. ಸರಳು ಕಟ್ಟಿ ಆಯ್ತು, ಶಟರಿಂಗ್ ನಿಂತಿದೆ, ಬಂದು ನೋಡಿ ಸಹಿ ಹಾಕಿದ್ರೆ ಕಾಂಕ್ರೀಟ್ ಹಾಕ್ತೀವಿ ಅಂತ ಕೊಡೋ ಚೀಟಿ. ದಿನಕ್ಕೆ ಹತ್ತು ಹೋಗ್ತದೆ. ಈ ಸಾಫ್ಟ್‌ವೇರ್ ಮಾಡಿದವರ ದೇಶದಲ್ಲಿ ಆರ್‌ಎಫ್‌ಐ ಅಂದ್ರೆ ರಿಕ್ವೆಸ್ಟ್ ಫಾರ್ ಇನ್ಫರ್ಮೇಷನ್, ಡ್ರಾಯಿಂಗಲ್ಲಿ ಏನೋ ಅರ್ಥ ಆಗ್ಲಿಲ್ಲ, ವಿವರಿಸಿ ಅಂತ ಡಿಸೈನರಿಗೆ ಕೇಳೋ ಪ್ರಶ್ನೆ. ನಮ್ಮ ಕ್ವಾಲಿಟಿ ಹುಡುಗ, ಪಾಪ ಹೊಸಬ, ಮೆನುವಲ್ಲಿ ಆರ್‌ಎಫ್‌ಐ ಅಂತ ಕಂಡಿದ್ದೇ ಖುಷಿಯಾಗಿ ಒಂದು ವಾರ ಪೂರ್ತಿ ಅದರಲ್ಲೇ ಹಾಕಿದ. "ಹದಿನೇಳನೇ ಪೈಲಿನ ಕೇಜ್ ರೆಡಿ ಇದೆ, ನಾಳೆ ಬೆಳಿಗ್ಗೆ ಎಂಟಕ್ಕೆ." ಅದು ಹೋಗಿದ್ದು ಮುಂಬೈಲಿ ಕೂತ ಡಿಸೈನರಮ್ಮನಿಗೆ. ಮೊದಮೊದಲು ಅವರು ಮರ್ಯಾದೆಯಿಂದ "ನೋಟೆಡ್" ಅಂತ ಉತ್ತರ ಕೊಟ್ರು, ಹತ್ತಿಪ್ಪತ್ತಾದ ಮೇಲೆ "ನಿಮ್ಮ ಪ್ರಶ್ನೆ ಏನು ದಯವಿಟ್ಟು ಸ್ಪಷ್ಟಪಡಿಸಿ" ಅಂದ್ರು, ಅದಕ್ಕೆ ನಮ್ಮ ಹುಡುಗ "ಕೇಜ್ ರೆಡಿ ಇದೆ ಮೇಡಂ" ಅಂತ ಮತ್ತೆ ಬರೆದ. ಇತ್ತ ಇಲಾಖೆ ಇಂಜಿನಿಯರು ಫೋನ್ ಮಾಡಿ ಯಾಕೆ ಒಂದು ವಾರದಿಂದ ಚೀಟಿನೇ ಬಂದಿಲ್ಲ, ಕೆಲಸ ನಿಂತಿದೆಯಾ ಅಂತ ಕೇಳ್ತಾ ಇದ್ದಾರೆ. ಕೊನೆಗೆ ಫಾರ್ಮ್ಸ್ ಅನ್ನೋ ಬೇರೆ ಜಾಗದಲ್ಲಿ ‘ತಪಾಸಣೆ ಚೀಟಿ’ ಅಂತ ನಮ್ಮದೇ ನಮೂನೆ ಮಾಡ್ಕೊಂಡ್ವಿ. ಐಎಫ್‌ಸಿದೂ ಇದೇ ಗತಿ, ನಮಗೆ ಐಎಫ್‌ಸಿ ಅಂದ್ರೆ ಇಶ್ಯೂಡ್ ಫಾರ್ ಕನ್‌ಸ್ಟ್ರಕ್ಷನ್ ಅನ್ನೋ ಸೀಲು, ಮಾಡೆಲ್ ಮಾಡೋರಿಗೆ ಐಎಫ್‌ಸಿ ಅಂದ್ರೆ ಬೇರೆ ಬೇರೆ ಸಾಫ್ಟ್‌ವೇರಿನವರು ತ್ರೀಡಿ ಮಾಡೆಲ್ ಹಂಚ್ಕೊಳ್ಳೋ ಕಡತದ ನಮೂನೆ. "ಐಎಫ್‌ಸಿ ಕಳಿಸಿ" ಅಂತ ನಾನು ಮೇಲ್ ಹಾಕಿದ್ದಕ್ಕೆ ಚೆನ್ನೈಯವರು ನಮ್ಮ ಯಾವ ಫೋನಲ್ಲೂ ತೆರೆಯದ ಒಂದು ದೊಡ್ಡ ಫೈಲ್ ಕಳಿಸಿ, ಇನ್ನೇನಾದ್ರೂ ಬೇಕಾ ಅಂತ ಕೇಳಿದ್ರು.

ಫೈಲ್ ನಮೂನೆ ಅಂದಾಗ ನಗಬೇಡಿ, ಏರ್‌ಬಸ್‌ನಂಥವರೇ ಇದರಲ್ಲಿ ಮುಗ್ಗರಿಸಿದ್ದಾರೆ. ಎ380 ವಿಮಾನಕ್ಕೆ ಜರ್ಮನಿಯ ಹ್ಯಾಂಬರ್ಗಲ್ಲಿ ಕಟಿಯಾ ವಿ4, ಫ್ರಾನ್ಸಿನ ಟುಲೂಸಲ್ಲಿ ಕಟಿಯಾ ವಿ5, ಒಂದೇ ಡಿಸೈನ್ ಸಾಫ್ಟ್‌ವೇರಿನ ಎರಡು ಆವೃತ್ತಿ ಅಷ್ಟೇ. ಒಂದು ವಿಮಾನದಲ್ಲಿ ಸುಮಾರು 530 ಕಿ.ಮೀ. ವೈರು ಓಡಿಸ್ಬೇಕು, ಅಲ್ಲಿ ಮಾಡಿದ ವೈರಿನ ಕಟ್ಟು ಇಲ್ಲಿ ಕೂರಿಸೋಕೆ ಹೋದ್ರೆ ಕೂರ್ಲೇ ಇಲ್ಲ, ಗಿಡ್ಡ ಬಿತ್ತು. 2006ರಲ್ಲಿ ಒಂದರ ಮೇಲೊಂದು ಮುಂದೂಡಿಕೆ ಘೋಷಣೆ ಮಾಡ್ಬೇಕಾಯ್ತು. ಇದನ್ನ ಓದಿದ ಮೇಲೆ ನಮ್ಮ ಮುನ್ನೂರು ರಿಂಗಿನ ಬಗ್ಗೆ ನಂಗೆ ಸ್ವಲ್ಪ ಸಮಾಧಾನ ಆಗಿದ್ದು ಹೌದು.

ಇನ್ನು ತ್ರೀಡಿ ಮಾಡೆಲ್ಲು. ಮಾರೋಕೆ ಬರೋರು ಮೊದಲು ತೋರಿಸೋದು ಇದನ್ನೇ, ತಿರುಗಿಸಿ ಮುರುಗಿಸಿ, ಒಳಗೆ ಹೊಕ್ಕು ನಡೆದಾಡಿ, ಎಲ್ಲಿ ಪೈಪಿಗೆ ಸರಳು ಅಡ್ಡ ಬರ್ತದೆ ಅಂತ ತಾನೇ ಹುಡುಕಿ ಕೆಂಪು ಚುಕ್ಕೆ ಇಡ್ತದೆ. ಕೆಲಸಕ್ಕೆ ಬರ್ತದೆ, ಇಲ್ಲ ಅನ್ನೋದಿಲ್ಲ, ಒಂದು ಕೇಬಲ್ ಡಕ್ಟು ಗರ್ಡರಿನ (ಸೇತುವೆಯ ದೊಡ್ಡ ತೊಲೆ) ಒಳಗೇ ತೂರಿದ್ದು ಅದರಿಂದಲೇ ಸಿಕ್ತು. ಆದ್ರೆ ನಮ್ಮ ಸೈಟಿನ ಅತಿ ದೊಡ್ಡ ತಪ್ಪು ಇತ್ತಲ್ಲ, ಅದನ್ನ ಹಿಡಿದಿದ್ದು ಕಪಾಟಲ್ಲ. ನಮ್ಮ ಸರ್ವೇಯರು.

ಅಂಕೋಲೆ ಕಡೆಯವರು, ಐವತ್ತು ದಾಟಿದೆ, ಹೊಳೆಬದಿಲೇ ಬೆಳೆದವರು. ಸೇತುವೆ ರಸ್ತೆ ಬಂದು ಜೆಟ್ಟಿಗೆ ಕೂಡೋ ಜಾಗದಲ್ಲಿ ಎರಡೂ ಡ್ರಾಯಿಂಗಲ್ಲಿ ಲೆವೆಲ್ (ಎತ್ತರದ ಅಂಕಿ) ಒಂದೇ, +3.500 ಮೀಟರ್. ಎರಡು ಮಾಡೆಲ್ ಕೂಡಿಸಿ ನೋಡಿದ್ರೆ ಅಂಚಿಗೆ ಅಂಚು ಸರಿ ಕೂತಿದೆ, ಒಂದೂ ಕೆಂಪು ಚುಕ್ಕೆ ಇಲ್ಲ, ಹಸಿರೋ ಹಸಿರು. ಮುಂಬೈ, ಚೆನ್ನೈ ಎರಡೂ ಖುಷಿ. ನಮ್ಮ ಸರ್ವೇಯರು ಒಂದಿನ ಮಧ್ಯಾಹ್ನ ಎತ್ತರ ಅಳೆಯೋ ಲೆವೆಲ್ ಯಂತ್ರ ಇಟ್ಕೊಂಡು ಜೆಟ್ಟಿ ಪೈಲಿನ ತಲೆ ನೋಡಿದೋರು ಹಂಗೇ ನಿಂತ್ರು. "ಎಂತ ಸರ್ ಇದು, ಹುಣ್ಣಿಮೆ ಭರತಕ್ಕೆ ನೀರು ಆ ಗೂಟದ ಪಾಚಿ ಗೆರೆ ತನಕ ಬತ್ತದೆ. ಇವರ ಜೆಟ್ಟಿ ಅಲ್ಲಿಂದ ಇಷ್ಟೇ ಮೇಲೆ. ನಮ್ಮ ರಸ್ತೆ ನೋಡಿರೆ ಆಳೆತ್ತರ ಮೇಲೆ. ಎರಡೂ ಮೂರೂವರೆ ಅಂದ್ರೆ ಹೆಂಗೆ?" ಅಂದ್ರು. ಕಡ್ಡಿ ತಗೊಂಡು ಮರಳಲ್ಲಿ ಎರಡು ಗೆರೆ ಎಳೆದ್ರು. ನಾನು ಓಡಿಹೋಗಿ ಜೆಟ್ಟಿ ಡ್ರಾಯಿಂಗ್ ತೆಗೆದು ಮೂಲೆಯ ಸಣ್ಣಕ್ಷರ ದೊಡ್ಡದು ಮಾಡಿ ನೋಡಿದ್ರೆ, ಎಲ್ಲಾ ಲೆವೆಲ್‌ಗಳು ಚಾರ್ಟ್ ಡೇಟಮ್ ಮೇಲಿಂದ ಅಂತ ಇದೆ. ಸೇತುವೆ ಡ್ರಾಯಿಂಗಲ್ಲಿ ಮೀನ್ ಸೀ ಲೆವೆಲ್ ಮೇಲಿಂದ.

ಗೊತ್ತಿಲ್ಲದವರಿಗೆ ಹೇಳ್ತೀನಿ, ರಸ್ತೆ-ಸೇತುವೆಯವರು ಸೊನ್ನೆ ಅಂತ ಹಿಡಿಯೋದು ಸಮುದ್ರದ ಸರಾಸರಿ ಮಟ್ಟ. ಬಂದರು-ಜೆಟ್ಟಿಯವರು ಸೊನ್ನೆ ಹಿಡಿಯೋದು ನೀರು ಹೆಚ್ಚುಕಮ್ಮಿ ಅದಕ್ಕಿಂತ ಕೆಳಗೆ ಇಳಿಯೋದೇ ಇಲ್ಲ ಅನ್ನೋ ಮಟ್ಟ, ಯಾಕಂದ್ರೆ ಹಡಗಿನವರಿಗೆ ಬೇಕಾಗಿದ್ದು ಕಡೇ ಪಕ್ಷ ಎಷ್ಟು ನೀರು ಇರ್ತದೆ ಅನ್ನೋದು. ನಮ್ಮ ಜಾಗದಲ್ಲಿ ಎರಡಕ್ಕೂ ಒಂದು ಮೀಟರ್ ಆಸುಪಾಸು ವ್ಯತ್ಯಾಸ. ಎರಡೂ ಡ್ರಾಯಿಂಗ್ ತಮ್ಮಷ್ಟಕ್ಕೆ ಸರಿ, ಎರಡನ್ನೂ ಕೂಡಿಸಿದ್ರೆ ರಸ್ತೆ ಮುಗಿಯೋ ಜಾಗದಲ್ಲಿ ಒಂದು ಮೀಟರ್ ಗುಂಡಿ, ಮೀನಿನ ಗಾಡಿ ನೇರ ಹಾರ್ಬೇಕು. ಸಾಫ್ಟ್‌ವೇರಿಗೆ ಏನು ಗೊತ್ತು, 3.5ಕ್ಕೆ 3.5 ಸರಿ ಅಂತು. 2003ರಲ್ಲಿ ಜರ್ಮನಿ-ಸ್ವಿಟ್ಜರ್ಲೆಂಡ್ ಗಡಿಲಿ ರೈನ್ ನದಿಗೆ ಲೌಫೆನ್‌ಬುರ್ಗಲ್ಲಿ ಸೇತುವೆ ಕಟ್ಟುವಾಗ ಇದೇ ಆಗಿತ್ತು, ಜರ್ಮನಿಯವರ ಸೊನ್ನೆ ಉತ್ತರ ಸಮುದ್ರದ್ದು, ಸ್ವಿಸ್‌ನವರದು ಮೆಡಿಟರೇನಿಯನ್ ಕಡೆದು, ನಡುವೆ 27 ಸೆಂಟಿಮೀಟರ್ ಫರಕು. ವಿಶೇಷ ಅಂದ್ರೆ ಆ ಫರಕು ಅವರಿಗೆ ಮೊದಲೇ ಗೊತ್ತಿತ್ತು, ಸರಿಮಾಡೋವಾಗ ಪ್ಲಸ್ಸು ಮೈನಸ್ಸು ಅದಲುಬದಲಾಗಿ 54 ಸೆಂಟಿಮೀಟರ್ ಮಾಡ್ಕೊಂಡ್ರು. ನಮಗೆ ಗೊತ್ತೇ ಇರ್ಲಿಲ್ಲ, ಅಷ್ಟು ಮಟ್ಟಿಗೆ ಅವರು ನಮಗಿಂತ ಮುಂದೆ.

ಆದ್ರೆ ಇಲ್ಲಿ ಕಪಾಟಿಗೂ ಸಲ್ಲಬೇಕಾದ್ದು ಸಲ್ಲಲಿ. ತಪ್ಪು ಸಿಕ್ಕ ಮೇಲೆ ಅದನ್ನ ಬಿಡಿಸಿದ ರೀತಿ ಇದೆಯಲ್ಲ, ಅದು ಹಳೇ ಪದ್ಧತಿಲಿ ಆಗ್ತಾನೇ ಇರ್ಲಿಲ್ಲ. ಸರ್ವೇಯರು ಪಾಚಿ ಗೆರೆ, ಪೈಲ್ ತಲೆ, ಸ್ಟಾಫ್ (ಅಳತೆ ಕೋಲು) ಹಿಡಿದ ಫೋಟೋ ಮೂರು ತೆಗೆದ್ರು, ನಾನು ಡ್ರಾಯಿಂಗಿನ ಅದೇ ಬಿಂದುವಿಗೆ ಅಂಟಿಸಿ ಮುಂಬೈ, ಚೆನ್ನೈ, ಇಲಾಖೆ ಮೂರಕ್ಕೂ ಒಟ್ಟಿಗೆ ಹಾಕಿದೆ. ಮಧ್ಯಾಹ್ನ ಮೂರಕ್ಕೆ ಹಾಕಿದ್ದಕ್ಕೆ ಸಂಜೆ ಆರರೊಳಗೆ ಇಬ್ಬರೂ ಡಿಸೈನರು ಅದೇ ಜಾಗದಲ್ಲಿ ಉತ್ತರ ಬರೆದಿದ್ರು, ಮಾರನೇ ದಿನ ಕೂಡುರಸ್ತೆಗೆ ಇಳಿಜಾರು ಕೊಟ್ಟು ಹೊಸ ಸ್ಕೆಚ್ ಬಂತು. ಪತ್ರ ವ್ಯವಹಾರ ಆಗಿದ್ರೆ ನಾವು ಮೇನ್ ಕಾಂಟ್ರಾಕ್ಟರಿಗೆ, ಅವರು ಇಲಾಖೆಗೆ, ಇಲಾಖೆ ಕನ್ಸಲ್ಟೆಂಟಿಗೆ, ಅವರು ಮತ್ತೆ ವಾಪಸ್, ಅಷ್ಟರಲ್ಲಿ ಡೆಕ್ ಸ್ಲ್ಯಾಬಿಗೆ ಕಾಂಕ್ರೀಟ್ ಬಿದ್ದು ಮೇಲೆ ಹುಡುಗರು ಕ್ರಿಕೆಟ್ ಆಡ್ತಿದ್ರು. ಅಂದಹಾಗೆ ಜೂನ್-ಜುಲೈಲಿ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್ ಇರ್ತದೆ, ಬೋಟೆಲ್ಲಾ ದಡಕ್ಕೆ ಬಂದು ಸಾಲುಗಟ್ಟಿ ನಿಲ್ತಾವೆ, ಆಗ ನಮ್ಮ ಬಾರ್ಜ್ ಅಲುಗಾಡಿಸೋಕೂ ಜಾಗ ಇರೋದಿಲ್ಲ, ಹಂಗಾಗಿ ಮೇ ತಿಂಗಳ ಒಂದೊಂದು ದಿನಕ್ಕೂ ಬೆಲೆ ಇದೆ ಇಲ್ಲಿ.

ನಮ್ಮಲ್ಲೊಬ್ಬರು ಹಿರಿಯರಿದ್ದಾರೆ, ರಿಟೈರ್ ಆಗಿ ಸಲಹೆಗಾರರಾಗಿ ಬರ್ತಾರೆ, ಕೊಂಕಣ ರೈಲ್ವೇಲಿ ಕೆಲಸ ಮಾಡಿದೋರು. ಅವರ ಹತ್ರ ಕಪಾಟಿನ ಸುದ್ದಿ ಎತ್ತಿದ್ರೆ ಒಂದು ನಗು ನಗ್ತಾರೆ. 1990ರಲ್ಲಿ ಶುರುವಾಗಿ 1998ರ ಜನವರಿಗೆ ಪೂರ್ತಿ ಓಡಿಸಿದ ಸುಮಾರು 740 ಕಿ.ಮೀ. ದಾರಿ, ತೊಂಬತ್ತಕ್ಕೂ ಮೇಲೆ ಸುರಂಗ, ಎರಡು ಸಾವಿರದ ಮೇಲೆ ಸೇತುವೆ, ಹೊನ್ನಾವರದ ಶರಾವತಿ ಸೇತುವೆ ಒಂದೇ ಎರಡು ಕಿಲೋಮೀಟರ್ ದಾಟ್ತದೆ. "ಆಗ ಜೀಪೇ ನಮ್ಮ ಕ್ಲೌಡು ತಮಾ" ಅಂತಾರೆ. ಒಪ್ತೀನಿ. ಆದ್ರೆ ಅಲ್ಲಿ ಮೇಲಿಂದ ಕೆಳಗೆ ಒಬ್ಬರದ್ದೇ ಮಾತು, ಆಗ ಅದರ ಮುಖ್ಯಸ್ಥರಾಗಿದ್ದ ಶ್ರೀಧರನ್ ಅವರು ಹೂಂ ಅಂದ್ರೆ ಹೂಂ. ನಮ್ಮಲ್ಲಿ ಏಳು ಕಂಪನಿ, ಏಳು ಅಗ್ರಿಮೆಂಟು, ಯಾರು ಏನು ಹೇಳಿದ್ರು ಅನ್ನೋದಕ್ಕೆ ನಾಳೆ ದುಡ್ಡಿನ ಲೆಕ್ಕ ಬರ್ತದೆ, ಜೀಪಲ್ಲಿ ಹೋಗಿ ಮಾತಾಡಿ ಬಂದ್ರೆ ಮಾರನೇ ದಿನ ಹಂಗೆ ಹೇಳೇ ಇಲ್ಲ ಅಂತಾರೆ.

ಮಳೆ, ನೆಟ್‌ವರ್ಕು. ಡೆಮೋದಲ್ಲಿ ‘ಆಫ್‌ಲೈನಲ್ಲೂ ನಡೀತದೆ’ ಅಂದಿದ್ರು. ನಡೀತದೆ, ಯಾವಾಗ ಅಂದ್ರೆ ಬೆಳಿಗ್ಗೆ ರೂಮಲ್ಲಿ ವೈಫೈ ಇದ್ದಾಗ ಬೇಕಾದ ಡ್ರಾಯಿಂಗ್ ಒಂದೊಂದೇ ಒತ್ತಿ ಇಳಿಸ್ಕೊಂಡಿದ್ರೆ. ಮರೆತು ಬಂದ್ರೆ ಹೊಳೆಬದಿಲಿ ಒಂದು ಕಡ್ಡಿ ನೆಟ್‌ವರ್ಕಲ್ಲಿ ಆ ಚಕ್ರ ತಿರುಗ್ತಾ ಇರ್ತದೆ, ಕಾಂಕ್ರೀಟ್ ಲಾರಿ ಡ್ರಮ್ಮೂ ತಿರುಗ್ತಾ ಇರ್ತದೆ. ಜುಲೈ ಮಳೇಲಿ ಇನ್ನೊಂದು, ಒದ್ದೆ ಬೆರಳಿಗೆ ಸ್ಕ್ರೀನ್ ಕೇಳೋದಿಲ್ಲ, ಪ್ಲಾಸ್ಟಿಕ್ ಕವರ್ ಒಳಗಿಟ್ರೆ ಹಬೆ ಕೂತು ಏನೂ ಕಾಣೋದಿಲ್ಲ. ಇಬ್ಬರು ಆಫ್‌ಲೈನಲ್ಲಿ ಒಂದೇ ತಪಾಸಣೆ ಚೀಟಿ ತುಂಬಿ ಆಮೇಲೆ ನೆಟ್‌ವರ್ಕ್ ಬಂದಾಗ ಒಬ್ಬರದ್ದು ಹಾರಿಹೋಗಿದ್ದು ಎರಡು ಸಲ ಆಗಿದೆ. ತ್ರೀಡಿ ಮಾಡೆಲ್ ಅಂತೂ ಸಾಧಾರಣ ಫೋನಲ್ಲಿ ತೆರೆಯೋ ಪ್ರಯತ್ನ ಮಾಡ್ಬೇಡಿ, ಫೋನು ಇಸ್ತ್ರಿಪೆಟ್ಟಿಗೆ ಆಗ್ತದೆ.

ಫೋಟೋ ವಿಷಯ ಮಾತ್ರ ಬಹಳ ಚಲೋ. ತಾರೀಕು, ಜಾಗ ಸಮೇತ ಡ್ರಾಯಿಂಗ್ ಮೇಲೇ ಕೂರ್ತದೆ, ಮೊನ್ನೆ ಹಾಕಿದ ಸರಳು ಇವತ್ತು ಕಾಂಕ್ರೀಟಿನೊಳಗೆ ಮುಚ್ಚಿಹೋಗಿದ್ರೂ ಹೇಗಿತ್ತು ಅಂತ ತೆಗೆದು ತೋರಿಸ್ಬಹುದು. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದು, ಆಗಸ್ಟ್ 6ರ ರಾತ್ರಿ ಕಳೆದು 7ರ ನಸುಕಲ್ಲಿ ಸದಾಶಿವಗಡದ ಹತ್ರ ಕಾಳಿ ಹಳೇ ಸೇತುವೆ ಬಿದ್ದ ಮೇಲೆ ಈ ಕಡೆ ಊರವರು ಸುಮ್ನೆ ನೋಡ್ತಾ ಹೋಗೋದಿಲ್ಲ, ಸೈಕಲ್ ನಿಲ್ಸಿ ಕೇಳ್ತಾರೆ, ಒಳಗೆ ಕಬ್ಬಿಣ ಎಷ್ಟು ಹಾಕಿದ್ರಿ, ಗುಡ್ಡ ಯಾಕೆ ಹೀಗೆ ಕಡಿದ್ರಿ ಅಂತ. ಕೇಳೋ ಹಕ್ಕಿದೆ ಅವರಿಗೆ. ಒಬ್ಬರು ಮೀನುಗಾರ ಅಜ್ಜನಿಗೆ ಎರಡನೇ ಪಿಯರಿನ ಒಳಗಿನ ಫೋಟೋ ಫೋನಲ್ಲೇ ತೆಗೆದು ತೋರಿಸಿದೆ, ಕನ್ನಡಕ ಹಾಕ್ಕೊಂಡು ಐದು ನಿಮಿಷ ನೋಡಿ "ಬಲೆ ಗಂಟಿಗಿಂತ ಒತ್ತಾಗಿದೆ" ಅಂದ್ರು.

ಈಗ ನನ್ನ ಅಸಲಿ ತಕರಾರು. ಇದಕ್ಕೆ ದುಡ್ಡು ತಲೆಲೆಕ್ಕ. ಒಬ್ಬರಿಗೆ ವರ್ಷಕ್ಕೆ ಇಷ್ಟು ಅಂತ, ಎಷ್ಟು ಅಂದ್ರೆ ಒಂದು ಒಳ್ಳೆ ಫೋನೇ ಬರ್ತದೆ ಆ ದುಡ್ಡಲ್ಲಿ. ನಮ್ಮ ಪಾಲಿಗೆ ಸಿಕ್ಕಿದ್ದು ಹನ್ನೆರಡು ಲಾಗಿನ್, ಬೇಕಾಗಿದ್ದು ಮೂವತ್ತು. ಹನ್ನೆರಡು ಯಾರಿಗೆ ಹೋಯ್ತು ಅಂತ ಹೇಳ್ಬೇಕಾ? ಪ್ರಾಜೆಕ್ಟ್ ಮ್ಯಾನೇಜರು, ಪ್ಲಾನಿಂಗು, ಬಿಲ್ಲಿಂಗು, ಹೆಡ್ ಆಫೀಸಲ್ಲಿ ಕೂತು ತಿಂಗಳಿಗೊಂದು ಸಲ ಡ್ಯಾಶ್‌ಬೋರ್ಡ್ ನೋಡೋ ನಾಲ್ಕು ಜನ. ಸರಳು ಬಗ್ಗಿಸೋ ಫೋರ್‌ಮನ್, ಸರ್ವೇಯರ್, ಶಟರಿಂಗ್ ಮೇಸ್ತ್ರಿ, ಇವರಿಗೆಲ್ಲಾ ಸೇರಿ ‘ಸೈಟ್ 1’ ಅಂತ ಒಂದೇ ಲಾಗಿನ್. ಇಡೀ ಸಾಫ್ಟ್‌ವೇರಿನ ಜೀವ ಇರೋದೇ ಯಾರು ಯಾವಾಗ ಏನು ನೋಡಿದ್ರು ಅನ್ನೋ ದಾಖಲೆಲಿ, ಅದನ್ನೇ ನಾವು ಕೊಂದುಬಿಟ್ವಿ. ಬೇರಿಂಗ್ ಪೆಡೆಸ್ಟಲ್ (ಗರ್ಡರ್ ಹೊರೋ ಸಣ್ಣ ಪೀಠ) ಲೆವೆಲ್ ಬದಲಾದ ಡ್ರಾಯಿಂಗ್ ಬಂದಾಗ ಲಾಗಲ್ಲಿ ‘ಸೈಟ್ 1 ನೋಡಿದ್ದಾರೆ, ರಾತ್ರಿ 9.40’ ಅಂತ ಇತ್ತು, ಸರಿ ಮೇಸ್ತ್ರಿ ನೋಡ್ಕೊಂಡಿದ್ದಾನೆ ಅಂತ ನಾನು ನಿಶ್ಚಿಂತೆಯಿಂದ ಮಲಗಿದೆ. ಬೆಳಿಗ್ಗೆ ಕೇಳಿದ್ರೆ ಅವನಿಗೆ ಗೊತ್ತೇ ಇಲ್ಲ, ನೋಡಿದ್ದು ಸ್ಟೋರ್ ಕೀಪರ್, ಸಿಮೆಂಟ್ ಚೀಲದ ಲೆಕ್ಕಕ್ಕೆ ಅಂತ ಒಳಗೆ ಹೋದೋನು ಬೆರಳು ತಾಗಿ ತೆರೆದಿದ್ನಂತೆ. ಹಳೇ ಲೆವೆಲಿಗೆ ಶಟರಿಂಗ್ ಕಟ್ಟಾಗಿತ್ತು, ಕಾಂಕ್ರೀಟ್ ಹಾಕಿರ್ಲಿಲ್ಲ ಪುಣ್ಯಕ್ಕೆ, ಅರ್ಧ ದಿನದಲ್ಲಿ ಬಿಚ್ಚಿ ಕಟ್ಟಿದ್ವಿ.

ಎರಡನೇದು ಕನ್ನಡ. ಮೆನು ಕನ್ನಡದಲ್ಲಿಲ್ಲ, ಅದನ್ನ ಹೇಗೋ ಸಹಿಸ್ಕೊಳ್ಬಹುದು, ಗುರುತಿನ ಮೇಲೆ ನಡೀತದೆ. ಕಾಮೆಂಟಲ್ಲಿ ಕನ್ನಡ ಟೈಪ್ ಮಾಡಿದ್ರೆ ಫೋನಲ್ಲಿ ಚಂದ ಕಾಣ್ತದೆ, ಅದನ್ನೇ ರಿಪೋರ್ಟ್ ಅಂತ ಪಿಡಿಎಫ್ ತೆಗೆದ್ರೆ ಅಕ್ಷರದ ಬದಲು ಚೌಕ ಚೌಕ ಡಬ್ಬಿ. ನಮ್ಮ ಫೋರ್‌ಮನ್ ಬರೆದ "ಕಬ್ಬಿಣ ಸಾಲಂಗಿಲ್ರಿ" ಅನ್ನೋದು ಹೆಡ್ ಆಫೀಸಿಗೆ ಹದಿನೈದು ಡಬ್ಬಿಯಾಗಿ ಹೋಗಿದೆ. ಸಪೋರ್ಟಿಗೆ ಬರೆದೆ, ಒಳ್ಳೇ ಮಾತಾಡಿದ್ರು, ಪಟ್ಟಿಗೆ ಸೇರಿಸಿದ್ದೀವಿ ಅಂದ್ರು, ಆಯ್ತು ಎಂಟು ತಿಂಗಳು. ಫೋರ್‌ಮನ್ನೇ ಒಂದು ದಾರಿ ಕಂಡ್ಕೊಂಡ, ಈಗ ಬರೆಯೋದೇ ಬಿಟ್ಟು ಮೂವತ್ತು ಸೆಕೆಂಡ್ ವಿಡಿಯೋ ಮಾಡಿ ಹಾಕ್ತಾನೆ, ಸರಳಿನ ಮೇಲೆ ಟೇಪ್ ಹಿಡಿದು "ಸಾಹೇಬ್ರ ಇಲ್ ನೋಡ್ರಿ, ಇಲ್ಲಿ ನಾಕಿಂಚ್ ಐತಿ, ನಿಮ್ ಹಾಳ್ಯಾಗ ಆರ್ ಬರ್ದೈತಿ" ಅಂತ. ಮುಂಬೈ ಮೇಡಂಗೆ ಭಾಷೆ ಬರದಿದ್ರೂ ಟೇಪು ಅರ್ಥ ಆಗ್ತದೆ.

ಹಂಗಾದ್ರೆ ತಗೊಳ್ಬಹುದಾ? ಒಂದು ಮನೆ, ಒಂದು ಮೋರಿ, ಇಬ್ಬರು ಇಂಜಿನಿಯರ್ ಇರೋ ಕೆಲಸಕ್ಕೆ ಖಂಡಿತ ಬೇಡ, ಒಂದು ಡ್ರೈವ್ ಫೋಲ್ಡರ್ ಮಾಡಿ, ಹಳೇದು ತೆಗೆದು ಹೊಸದು ಇಡೋ ಕೆಲಸ ಒಬ್ಬರಿಗೇ ಒಪ್ಪಿಸಿ, ಸಾಕು. ನಾಲ್ಕೈದು ಕಂಪನಿ ಸೇರಿರೋ ಕೆಲಸ ಆದ್ರೆ ತಗೊಳ್ಳಿ, ಆದ್ರೆ ಡೆಮೋಗೆ ಬಂದವರ ಲ್ಯಾಪ್‌ಟಾಪ್ ಮುಚ್ಚಿಸಿ, ನಿಮ್ಮ ಫೋರ್‌ಮನ್ ಕೈಗೆ ಅವನದೇ ಫೋನ್ ಕೊಟ್ಟು, ಫ್ಲೈಟ್ ಮೋಡ್ ಹಾಕಿ, ನಾಲ್ಕನೇ ಪಿಯರಿನ ಕೊನೇ ರಿವಿಷನ್ ತೆಗಿ ಅನ್ನಿ. ಕನ್ನಡದಲ್ಲಿ ಒಂದು ಸಾಲು ಬರೆಸಿ ಪಿಡಿಎಫ್ ತೆಗೆಸಿ ನೋಡಿ. ಲಾಗಿನ್ ಲೆಕ್ಕ ಕೆಳಗಿಂದ ಮೇಲೆ ಮಾಡಿ. ನಮ್ಮ ಕೆಲಸದಲ್ಲಿ ಕೊನೇ ಸಹಿ ಇನ್ನೂ ಕಾಗದದ ಮೇಲೇ, ಬಿಲ್ಲಿಗೆ ಶಾಯಿ ಸಹಿನೇ ಬೇಕು, ಹಂಗಾಗಿ ಪ್ರಿಂಟರ್ ಮಾರ್ಬೇಡಿ. ನಾನು ಕೊಡೋದು ಐದಕ್ಕೆ ಮೂರೂವರೆ ಸ್ಟಾರ್, ಅದರಲ್ಲಿ ಒಂದು ಆ ಜೆಟ್ಟಿ ಲೆವೆಲ್ ಸಂಜೆಯೊಳಗೆ ಬಗೆಹರಿದಿದ್ದಕ್ಕೆ.

ಮುಂದಿನ ತಿಂಗಳು ರಿನ್ಯೂವಲ್. ಖರ್ಚು ಜಾಸ್ತಿ ಆಯ್ತು, ಎಂಟೇ ಲಾಗಿನ್ ಇಡಿ, ಪಟ್ಟಿ ಕೊಡಿ ಅಂದ್ರು ನಮ್ಮ ಮ್ಯಾನೇಜರು. ಮೊದಲನೇ ಹೆಸರು ಫೋರ್‌ಮನ್ನಿಂದು ಬರೆದೆ, ಎರಡನೇದು ಸರ್ವೇಯರದ್ದು, ಮೂರನೇದು ಶಟರಿಂಗ್ ಮೇಸ್ತ್ರಿದು. "ಅವರಿಗ್ಯಾಕ್ರೀ?" ಅಂದ್ರು. ಏನೂ ಹೇಳದೆ ಸ್ಟೋರ್ ಹಿಂದೆ ಕರ್ಕೊಂಡು ಹೋದೆ. ಮುನ್ನೂರರಲ್ಲಿ ಇನ್ನೂರ ಚಿಲ್ಲರೆ ರಿಂಗು ಉಳಿದಿದೆ, ಎರಡು ಮಳೆಗಾಲ ಕಂಡು ಕೆಂಪಗಾಗಿದೆ, ಉಳಿದಿದ್ದು ಪಕ್ಕದ ಮನೆಯವರು ಮಲ್ಲಿಗೆ ಚಪ್ಪರಕ್ಕೆ ಒಯ್ದಿದ್ದಾರೆ. ಪಟ್ಟಿ ವಾಪಸ್ ಕೊಟ್ಟಾಗ ಮೂರೂ ಹೆಸರು ಹಾಗೇ ಇತ್ತು, ಹೆಡ್ ಆಫೀಸಿನ ಎರಡಕ್ಕೆ ಕಾಟು ಬಿದ್ದಿತ್ತು.